ಸರೋವರದಂಚಿನ ಸರ್ಕಾರಿ ಹೈಸ್ಕೂಲು

ಷಿಕಾಗೊದ ಆಸುಪಾಸಿನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡದ ಕುಟುಂಬಗಳ ಮಾತಿನಲ್ಲಿ ‘ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿನ ಉಪನಗರಗಳ ಸರ್ಕಾರಿ ಹೈಸ್ಕೂಲಿಗೆ ಸೇರಲು ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಬೋಧನಾ ಶುಲ್ಕವೂ ಇಲ್ಲ. ಬೇಕಾದದ್ದು ವಿಳಾಸ. ಮನೆ ಯಾವ ಡಿಸ್ಟ್ರಿಕ್ಟಿನ ಗೆರೆಯೊಳಗಿದೆಯೋ ಆ ಡಿಸ್ಟ್ರಿಕ್ಟಿನ ಶಾಲೆ ಮಗುವಿಗೆ ಸಿಗುತ್ತದೆ. ಒಳ್ಳೆಯ ಶಾಲೆಯಿರುವ ಊರಿನಲ್ಲಿ ಮನೆಗಳ ಬೆಲೆ ಏರುತ್ತದೆ. ಏರಿದ ಬೆಲೆಯ ಮೇಲೆ ಬರುವ ಆಸ್ತಿ ತೆರಿಗೆಯಿಂದ ಶಾಲೆ ಮತ್ತಷ್ಟು ಒಳ್ಳೆಯದಾಗುತ್ತದೆ. ಈ ಸುತ್ತು ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ನೋಡಬೇಕಾದರೆ ಷಿಕಾಗೊ ನಗರದ ಮಧ್ಯಭಾಗದಿಂದ ಉತ್ತರಕ್ಕೆ, ಮಿಷಿಗನ್ ಸರೋವರದ ದಂಡೆ ಹಿಡಿದು ಸುಮಾರು 16 ಮೈಲಿ ಸಾಗಿ ವಿನೆಟ್ಕಾ ಎಂಬ ಊರಿಗೆ ಹೋಗಬೇಕು. ನ್ಯೂ ಟ್ರಿಯರ್ ಟೌನ್‌ಶಿಪ್ ಹೈಸ್ಕೂಲು ಇರುವುದು ಅಲ್ಲಿ.

1901ರಲ್ಲಿ ಶುರುವಾದ ಶಾಲೆ ಇದು. ಜರ್ಮನಿಯ ಟ್ರಿಯರ್ ಕಡೆಯಿಂದ ಬಂದು ನೆಲೆಸಿದವರು ತಮ್ಮ ಟೌನ್‌ಶಿಪ್ಪಿಗೆ ಇಟ್ಟ ಹೆಸರೇ ಶಾಲೆಗೂ ಬಂತು. ವಿನೆಟ್ಕಾ, ವಿಲ್ಮೆಟ್, ಕೆನಿಲ್‌ವರ್ತ್, ಗ್ಲೆಂಕೋ, ನಾರ್ತ್‌ಫೀಲ್ಡ್ ಮುಂತಾದ ಊರುಗಳ ಮಕ್ಕಳು ಇಲ್ಲಿಗೆ ಬರುತ್ತಾರೆ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ತರಗತಿಗಳು, ಅಂದರೆ ನಮ್ಮಲ್ಲಿ ಪಿಯುಸಿಗೆ ಹೋಗುವ ವಯಸ್ಸಿನವರೂ ಅಲ್ಲಿ ಹೈಸ್ಕೂಲಿನಲ್ಲೇ ಇರುತ್ತಾರೆ. ಒಟ್ಟು ಮಕ್ಕಳು ನಾಲ್ಕು ಸಾವಿರದ ಆಸುಪಾಸು. ಮಕ್ಕಳು ಹೆಚ್ಚಾದರೆಂದು 1965ರಲ್ಲಿ ನಾರ್ತ್‌ಫೀಲ್ಡ್‌ನಲ್ಲಿ ಇನ್ನೊಂದು ಕಟ್ಟಡ ತೆರೆದರು. ಅದು ಕೆಲವು ಕಾಲ ಪ್ರತ್ಯೇಕ ಶಾಲೆಯಾಗಿಯೇ ನಡೆಯಿತು. ಮಕ್ಕಳ ಸಂಖ್ಯೆ ಇಳಿದಾಗ, 1981ರಲ್ಲಿ, ಎರಡನ್ನೂ ಒಂದು ಮಾಡಿದರು. 2001ರಿಂದ ಒಂಬತ್ತನೇ ತರಗತಿಯವರು ಮಾತ್ರ ನಾರ್ತ್‌ಫೀಲ್ಡ್‌ನಲ್ಲಿ ಓದುತ್ತಾರೆ, ಮಿಕ್ಕ ಮೂರು ತರಗತಿಗಳು ವಿನೆಟ್ಕಾದಲ್ಲಿ. ಹದಿನಾಲ್ಕರ ಮಕ್ಕಳಿಗೆ ಮೊದಲ ವರ್ಷ ತಮ್ಮದೇ ವಯಸ್ಸಿನವರ ನಡುವೆ ಕಳೆಯಲು ಸಿಗುವ ಈ ಏರ್ಪಾಡು ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

ಶಾಲೆಯ ಬಗ್ಗೆ ಬರೆದವರೆಲ್ಲ ಅದರ ಈಜುಕೊಳ, ರಂಗಮಂದಿರ, ಕಾಲೇಜು ಸೇರಿದವರ ಪಟ್ಟಿಗಳ ಕಡೆ ಬೊಟ್ಟು ಮಾಡುತ್ತಾರೆ. ನಾನು ಮೊದಲು ಹೇಳಬೇಕಾದದ್ದು ಅಡ್ವೈಸರ್ ಪದ್ಧತಿಯ ಬಗ್ಗೆ. ಅಮೆರಿಕದ ಹೈಸ್ಕೂಲಿನಲ್ಲಿ ನಮ್ಮಂತೆ ‘ಎ ಸೆಕ್ಷನ್’, ‘ಬಿ ಸೆಕ್ಷನ್’ ಎಂದು ಇಡೀ ದಿನ ಒಂದೇ ಕೊಠಡಿಯಲ್ಲಿ ಕೂರುವ ಕ್ರಮವಿಲ್ಲ. ಒಬ್ಬೊಬ್ಬರದೂ ಒಂದೊಂದು ವೇಳಾಪಟ್ಟಿ. ಗಂಟೆ ಹೊಡೆದಾಗ ಮಕ್ಕಳು ಚೀಲ ಹೊತ್ತು ಕೊಠಡಿಯಿಂದ ಕೊಠಡಿಗೆ ಹೋಗುತ್ತಾರೆ, ಮೇಷ್ಟ್ರು ತಮ್ಮ ಕೊಠಡಿಯಲ್ಲೇ ಇರುತ್ತಾರೆ. ಗಣಿತದಲ್ಲಿ ಪಕ್ಕ ಕೂತವರು ಇತಿಹಾಸದಲ್ಲಿ ಸಿಗುವುದಿಲ್ಲ. ಹೀಗಿರುವಾಗ ಕ್ಲಾಸ್ ಟೀಚರ್ ಎಂಬುವರಿಗೆ ಜಾಗವೇ ಇಲ್ಲ, ಮತ್ತು ಸಾವಿರಾರು ಮಕ್ಕಳ ನಡುವೆ ಒಂದು ಮಗು ಯಾರ ಕಣ್ಣಿಗೂ ಬೀಳದೆ ನಾಲ್ಕು ವರ್ಷ ಮುಗಿಸಿಬಿಡುವುದು ಸಾಧ್ಯ.

ನ್ಯೂ ಟ್ರಿಯರ್ ಈ ಅಪಾಯವನ್ನು 1920ರ ದಶಕದಲ್ಲೇ ಗುರುತಿಸಿತು. ಸುಮಾರು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಅಡ್ವೈಸರ್ ಎಂದು ನೇಮಿಸಿತು. ಮಕ್ಕಳು ದಿನವೂ ಸ್ವಲ್ಪ ಹೊತ್ತು ಆ ಗುಂಪಿನಲ್ಲಿ ಸೇರಬೇಕು. ಶಾಲೆಯ ದಿನಚರಿಯಲ್ಲಿ ಅದಕ್ಕೆಂದೇ ಸಮಯ ಮೀಸಲು. ಹಾಜರಿ, ಸುದ್ದಿ, ಹರಟೆ, ಮುಂದಿನ ವರ್ಷ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಚರ್ಚೆ ಎಲ್ಲವೂ ಅಲ್ಲೇ. ಅಡ್ವೈಸರ್ ಕೂಡ ದಿನದ ಮಿಕ್ಕ ಹೊತ್ತಿನಲ್ಲಿ ಇಂಗ್ಲಿಷನ್ನೋ ರಸಾಯನಶಾಸ್ತ್ರವನ್ನೋ ಪಾಠ ಮಾಡುವವರೇ. ಬೇರೆ ಶಿಕ್ಷಕರು ಮಗುವಿನ ಬಗ್ಗೆ ಏನಾದರೂ ಗಮನಿಸಿದರೆ ಅಡ್ವೈಸರಿಗೆ ತಿಳಿಸುತ್ತಾರೆ, ತಂದೆತಾಯಿಗೂ ಮೊದಲು ಫೋನ್ ಮಾಡಬೇಕೆನಿಸುವುದು ಅವರಿಗೇ. ಒಂಬತ್ತನೇ ತರಗತಿಗೆ ಹೊಸದಾಗಿ ಸೇರಿದ ಮಗುವಿನ ಮನೆಗೆ ಅಡ್ವೈಸರ್ ಹೋಗಿ ಬರುವ ಸಂಪ್ರದಾಯವಿದೆ. ಅದೇ ತರಗತಿಯ ಗುಂಪುಗಳಿಗೆ ಹನ್ನೆರಡನೆಯವರಲ್ಲಿ ಕೆಲವರು ಅಣ್ಣ-ಅಕ್ಕಂದಿರಂತೆ ಬಂದು ನೆರವಾಗುತ್ತಾರೆ. ವಿನೆಟ್ಕಾದ ಕಟ್ಟಡಕ್ಕೆ ಹೋದ ಮೇಲೆ ಹೊಸ ಅಡ್ವೈಸರ್ ಸಿಗುತ್ತಾರೆ, ಆಮೇಲೆ ಮೂರು ವರ್ಷ ಅವರೇ. ಹದಿನೈದರಿಂದ ಹದಿನೆಂಟರವರೆಗಿನ ವಯಸ್ಸು ಎಂಥದ್ದೆಂದು ಬಲ್ಲವರಿಗೆ, ಅಷ್ಟೂ ಕಾಲ ಮನೆಯ ಹೊರಗೆ ಒಬ್ಬ ಹಿರಿಯರು ದಿನವೂ ಮುಖ ನೋಡಿ ಮಾತಾಡಿಸುತ್ತಾರೆ ಎಂದರೆ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಓದಿನ ವಿಚಾರ. ಈ ಊರುಗಳಿರುವ ಇಲಿನಾಯ್ ರಾಜ್ಯದ ಕಾನೂನು ನಾಲ್ಕು ವರ್ಷ ಇಂಗ್ಲಿಷ್, ಮೂರು ವರ್ಷ ಗಣಿತ ಕಡ್ಡಾಯ ಮಾಡಿದೆ. ಅಮೆರಿಕದ ಸಂವಿಧಾನದ ಬಗ್ಗೆ ಒಂದು ಪರೀಕ್ಷೆ ಪಾಸಾಗಬೇಕು. 2015ರ ಕಾನೂನಿನ ಪ್ರಕಾರ ಒಂದು ಸೆಮಿಸ್ಟರ್ ಪೌರನೀತಿಯನ್ನೂ ಓದಬೇಕು. ಕಾರು ಓಡಿಸುವ ತರಬೇತಿಯನ್ನು ಸರ್ಕಾರಿ ಹೈಸ್ಕೂಲುಗಳೇ ಒದಗಿಸಬೇಕು. ದೈಹಿಕ ಶಿಕ್ಷಣ ಇಲಿನಾಯ್‌ನಲ್ಲಿ ಬಹುಕಾಲ ಪ್ರತಿದಿನದ ಪಾಠವಾಗಿತ್ತು, 2017ರಲ್ಲಿ ಅದನ್ನು ವಾರಕ್ಕೆ ಕನಿಷ್ಠ ಮೂರು ದಿನಕ್ಕೆ ಇಳಿಸಿದರು. ಇವಿಷ್ಟು ಎಲ್ಲ ಶಾಲೆಗೂ ಸಮಾನ. ಇದರಾಚೆಗೆ ಏನು ಕಲಿಸಬಹುದೆಂಬುದು ಶಾಲೆಯ ಶಕ್ತಿಗೆ ಬಿಟ್ಟದ್ದು, ಅಂತರ ಶುರುವಾಗುವುದೂ ಅಲ್ಲಿಂದಲೇ. ನ್ಯೂ ಟ್ರಿಯರ್‌ನಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಜೊತೆಗೆ ಲ್ಯಾಟಿನ್, ಹೀಬ್ರೂ, ಚೀನಿ, ಜಪಾನಿ ಭಾಷೆಗಳನ್ನೂ ಕಲಿಯಬಹುದು. ಕಾಲೇಜು ಮಟ್ಟದ ಎಪಿ ಪಾಠಗಳು ಹತ್ತಾರಿವೆ. ಪ್ರತಿ ಮೇ ತಿಂಗಳಲ್ಲಿ ನಡೆಯುವ ಅವುಗಳ ಪರೀಕ್ಷೆಯಲ್ಲಿ ಒಂದರಿಂದ ಐದರವರೆಗೆ ಅಂಕ, ಒಳ್ಳೆಯ ಅಂಕ ಬಂದರೆ ಹಲವು ಕಾಲೇಜುಗಳು ಆ ಪಾಠವನ್ನು ಮತ್ತೆ ಓದಿಸುವುದಿಲ್ಲ. ಸಾಹಿತ್ಯ, ಇತಿಹಾಸ, ಕಲೆಗಳನ್ನು ಬೆರೆಸಿ ಓದಬೇಕೆನ್ನುವವರಿಗೆ ಶಾಲೆಯೊಳಗೇ ಒಂದು ಪುಟ್ಟ ಶಾಲೆಯೂ ಇದೆ. ವಿಶೇಷ ಅಗತ್ಯದ ಮಕ್ಕಳಿಗೆ 1975ರ ಒಕ್ಕೂಟ ಕಾನೂನು ಕೊಟ್ಟ ಹಕ್ಕಿನಂತೆ ಒಬ್ಬೊಬ್ಬರಿಗೂ ಪ್ರತ್ಯೇಕ ಕಲಿಕಾ ಯೋಜನೆ ಬರೆಯಲಾಗುತ್ತದೆ. ಅಗತ್ಯವಿದ್ದವರು ಇಪ್ಪತ್ತೆರಡರ ವಯಸ್ಸಿನವರೆಗೂ ಉದ್ಯೋಗ ಮತ್ತು ಸ್ವತಂತ್ರ ಬದುಕಿಗೆ ತಯಾರಾಗಬಹುದು.

ಒಂದೇ ವಿಷಯವನ್ನು ಬೇರೆ ಬೇರೆ ಮಟ್ಟಗಳಲ್ಲಿ ಕಲಿಸುವ ರೂಢಿ ಇಲ್ಲಿ ಗಟ್ಟಿಯಾಗಿದೆ. ಮಟ್ಟಗಳಿಗೆ ಎರಡು, ಮೂರು, ನಾಲ್ಕು ಎಂದು ಅಂಕಿಗಳೇ ಹೆಸರು. ನಾಲ್ಕನೆಯದು ಅತ್ಯಂತ ಕಠಿಣ, ಅಲ್ಲಿ ಪಡೆದ ಅಂಕಕ್ಕೆ ತೂಕ ಹೆಚ್ಚು. ಮಗುವಿನ ವೇಗಕ್ಕೆ ಪಾಠ ಹೊಂದಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಹದಿನಾಲ್ಕರಲ್ಲಿ ‘ನೀನು ಮೂರು’ ಎಂದು ಕೇಳಿಸಿಕೊಂಡ ಮಗು ತನ್ನನ್ನು ಮೂರೆಂದೇ ಅಂದುಕೊಂಡುಬಿಡುವ ಸಾಧ್ಯತೆ ನನ್ನನ್ನು ಕಾಡುತ್ತದೆ. ಪಕ್ಕದ ಎವನ್‌ಸ್ಟನ್ ಊರಿನ ಹೈಸ್ಕೂಲು 2010ರಲ್ಲಿ ಬೇರೆ ದಾರಿ ಹಿಡಿಯಿತು. ಒಂಬತ್ತನೇ ತರಗತಿಯ ಮಾನವಿಕ ವಿಷಯಗಳಲ್ಲಿ ಜಾಣರಿಗೆಂದು ಇದ್ದ ಪ್ರತ್ಯೇಕ ತರಗತಿಯನ್ನು ತೆಗೆದು, ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಕೆಲಸ ಮಾಡಿ ತೋರಿಸಿದವರಿಗೆ ಆನರ್ಸ್ ಕೊಡುವ ತೀರ್ಮಾನ ಮಾಡಿತು. ತಂದೆತಾಯಂದಿರ ಸಭೆಗಳಲ್ಲಿ ಬಿಸಿ ಬಿಸಿ ವಾದಗಳಾದವು. ಒಂದೇ ಸರೋವರದ ದಂಡೆಯ ಎರಡು ಊರುಗಳು ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳಿವು. ನನ್ನ ಮನಸ್ಸು ಎವನ್‌ಸ್ಟನ್ ಕಡೆಗೇ ವಾಲುತ್ತದೆ.

ಪಾಠದಾಚೆಯ ಬದುಕು ಅಷ್ಟೇ ಗಟ್ಟಿಯಾದದ್ದು. ನೂರಕ್ಕೂ ಹೆಚ್ಚು ಕ್ಲಬ್ಬುಗಳು. ಮಕ್ಕಳೇ ನಡೆಸುವ ಡಬ್ಲ್ಯೂಎನ್‌ಟಿಎಚ್ ಎಂಬ ಎಫ್‌ಎಂ ಕೇಂದ್ರ 88.1 ಮೆಗಾಹರ್ಟ್ಸ್‌ನಲ್ಲಿ ಬಿತ್ತರವಾಗುತ್ತದೆ. ಒಳಾಂಗಣ ಈಜುಕೊಳ 1910ರ ದಶಕದಲ್ಲೇ ಇತ್ತು, ಈಜಿನಲ್ಲಿ ಶಾಲೆ ರಾಜ್ಯಮಟ್ಟದ ಪ್ರಶಸ್ತಿಗಳನ್ನು ಮತ್ತೆ ಮತ್ತೆ ಗೆದ್ದಿದೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ತಾವೇ ಬರೆದು, ರಾಗ ಹಾಕಿ, ಕುಣಿದು ಪ್ರದರ್ಶಿಸುವ ‘ಲ್ಯಾನ್ಯಾಪ್–ಪೋಪುರಿ’ ಎಂಬ ಸಂಗೀತ ರಂಗಪ್ರಯೋಗವಿದೆ. ಊರಿಗೆ ಊರೇ ನೆರೆಯುವ ಜಾಝ್ ಉತ್ಸವವೂ ಇದೆ. ಹಾಲಿವುಡ್ ತಾರೆಯರಾದ ಚಾರ್ಲ್‌ಟನ್ ಹೆಸ್ಟನ್, ರಾಕ್ ಹಡ್ಸನ್, ಆನ್-ಮಾರ್ಗ್ರೆಟ್ ಓದಿದ್ದು ಈ ಶಾಲೆಯಲ್ಲಿ. ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದ ಡೊನಾಲ್ಡ್ ರಮ್ಸ್‌ಫೆಲ್ಡ್ ಇಲ್ಲಿ ಕುಸ್ತಿಪಟುವಾಗಿದ್ದರು.

ಹಳೆಯ ವಿದ್ಯಾರ್ಥಿಗಳಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾಗುವವರು ಜಾಕ್ ಸ್ಟೈನ್‌ಬರ್ಗರ್. ಜರ್ಮನಿಯ ಬಾಡ್ ಕಿಸಿಂಗೆನ್‌ನ ಯಹೂದಿ ಕುಟುಂಬದಲ್ಲಿ 1921ರಲ್ಲಿ ಹುಟ್ಟಿದ ಹುಡುಗ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ, ತಂದೆತಾಯಿ ಅವನನ್ನೂ ಅಣ್ಣನನ್ನೂ ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಿಬಿಟ್ಟರು. ಧಾನ್ಯದ ವ್ಯಾಪಾರದಲ್ಲಿದ್ದ ಷಿಕಾಗೊದ ಬಾರ್ನೆಟ್ ಫ್ಯಾರಲ್ ಎಂಬುವರು ಸಾಕಿದರು, ಮುಂದೆ ತಂದೆತಾಯಿಯನ್ನೂ ತಮ್ಮನನ್ನೂ ಕರೆಸಿಕೊಳ್ಳಲು ನೆರವಾದರು. ಹುಡುಗ ಓದಿದ್ದು ನ್ಯೂ ಟ್ರಿಯರ್‌ನಲ್ಲಿ. ಮ್ಯೂಆನ್ ನ್ಯೂಟ್ರಿನೋ ಎಂಬ ಕಣವನ್ನು ತೋರಿಸಿಕೊಟ್ಟದ್ದಕ್ಕೆ 1988ರಲ್ಲಿ ಇನ್ನಿಬ್ಬರೊಡನೆ ಭೌತವಿಜ್ಞಾನದ ನೊಬೆಲ್ ಬಂದಾಗ, ಅವರು ಆ ಪದಕವನ್ನು ತಂದು ಕೊಟ್ಟದ್ದು ತಮ್ಮ ಹೈಸ್ಕೂಲಿಗೆ. ತೆರಿಗೆಯ ಹಣದಲ್ಲಿ ನಡೆಯುವ ಶಾಲೆಯೊಂದು ಊರಿಲ್ಲದೆ ಬಂದ ಹುಡುಗನನ್ನು ಊರವರ ಮಕ್ಕಳ ಜೊತೆಗೇ ಕೂರಿಸಿ ಓದಿಸಿತ್ತು.

ಆ ತೆರಿಗೆಯ ಮಾತಿಗೇ ಬರೋಣ. ಶಾಲೆಯ ಆದಾಯದ ಬಹುಪಾಲು ಬರುವುದು ಆ ಊರುಗಳ ಆಸ್ತಿ ತೆರಿಗೆಯಿಂದ. ಊರವರು ಚುನಾಯಿಸಿದ ಏಳು ಮಂದಿಯ ಮಂಡಳಿ ಶಾಲೆಯನ್ನು ನಡೆಸುತ್ತದೆ, ಅವರಿಗೆ ಸಂಬಳವಿಲ್ಲ. ದೊಡ್ಡ ಕಟ್ಟಡ ಕಟ್ಟಲು ಸಾಲ ಮಾಡಬೇಕಾದರೆ ಮತದಾರರ ಒಪ್ಪಿಗೆ ಬೇಕು. 2010ರಲ್ಲಿ 17.4 ಕೋಟಿ ಡಾಲರಿನ ಪ್ರಸ್ತಾವವನ್ನು ಜನ ತಿರಸ್ಕರಿಸಿದರು. ಯೋಜನೆಯನ್ನು ಕಿರಿದು ಮಾಡಿ 2014ರಲ್ಲಿ ಮತ್ತೆ ಮುಂದಿಟ್ಟಾಗ 8.9 ಕೋಟಿ ಡಾಲರಿಗೆ ಒಪ್ಪಿದರು. ಮಕ್ಕಳು ಎಂದೋ ಓದು ಮುಗಿಸಿದ ಮುದುಕರೂ ಮಕ್ಕಳೇ ಇಲ್ಲದವರೂ ಆ ತೆರಿಗೆ ಕಟ್ಟುತ್ತಾರೆ, ಶಾಲೆಯ ಲೆಕ್ಕ ಕೇಳುತ್ತಾರೆ. ಸರ್ಕಾರಿ ಶಾಲೆಯನ್ನು ಊರು ತನ್ನದೆಂದು ಭಾವಿಸಿದರೆ ಅದು ಯಾವ ಖಾಸಗಿ ಶಾಲೆಗೂ ಸರಿಸಮ ನಿಲ್ಲಬಲ್ಲದು ಎಂಬುದಕ್ಕೆ ನ್ಯೂ ಟ್ರಿಯರ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ಗೆರೆಯ ಆಚೆಗೂ ಮಕ್ಕಳಿದ್ದಾರೆ. ಜೊನಾಥನ್ ಕೊಝೋಲ್ 1991ರಲ್ಲಿ ಬರೆದ ‘ಸ್ಯಾವೇಜ್ ಇನ್‌ಈಕ್ವಾಲಿಟೀಸ್’ ಪುಸ್ತಕದಲ್ಲಿ ನ್ಯೂ ಟ್ರಿಯರನ್ನು ಷಿಕಾಗೊದ ಬಡವರ ಬಡಾವಣೆಗಳ ಶಾಲೆಗಳ ಪಕ್ಕದಲ್ಲಿಟ್ಟು ತೋರಿಸಿದರು. ಡೂಸೇಬಲ್ ಹೈಸ್ಕೂಲು ಅವುಗಳಲ್ಲೊಂದು. ಪುಸ್ತಕ ದೇಶವನ್ನೇ ಕಲಕಿತು. 2008ರ ಸೆಪ್ಟೆಂಬರಿನಲ್ಲಿ, ಷಿಕಾಗೊ ಶಾಲೆಗಳು ತೆರೆದ ಮೊದಲ ದಿನ, ರಾಜ್ಯದ ಸೆನೆಟರೂ ಪಾದ್ರಿಯೂ ಆಗಿದ್ದ ಜೇಮ್ಸ್ ಮೀಕ್ಸ್ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬಸ್ಸುಗಳಲ್ಲಿ ನಾರ್ತ್‌ಫೀಲ್ಡ್‌ಗೆ ಕರೆತಂದರು. ಮಕ್ಕಳು ಸಾಲಾಗಿ ನಿಂತು ನ್ಯೂ ಟ್ರಿಯರ್‌ಗೆ ಸೇರಲು ಅರ್ಜಿ ತುಂಬಿದರು. ಆಗಿನ ಲೆಕ್ಕದಲ್ಲಿ ಇಲ್ಲಿ ಒಂದು ಮಗುವಿಗೆ ವರ್ಷಕ್ಕೆ ಸುಮಾರು 17 ಸಾವಿರ ಡಾಲರ್ ಖರ್ಚಾಗುತ್ತಿದ್ದರೆ ಷಿಕಾಗೊದಲ್ಲಿ ಸುಮಾರು 10 ಸಾವಿರ. ವಿಳಾಸ ಬೇರೆಯದಾದ್ದರಿಂದ ಅವರಿಗೆ ಸೀಟು ಸಿಗುವಂತಿರಲಿಲ್ಲ, ಅದು ಬಂದವರಿಗೂ ಗೊತ್ತಿತ್ತು. ಷಿಕಾಗೊದ ಮಕ್ಕಳು ಹಾಗೆ ಅರ್ಜಿ ಹಿಡಿದು ನಿಲ್ಲಬೇಕಾಗಿ ಬಂದದ್ದು ಅನ್ಯಾಯ, ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಸಾಧ್ಯವಿಲ್ಲ.

ಇಂಥ ಅಂತರ ಒಕ್ಕೂಟದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1973ರಲ್ಲೇ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಪ್ರಕರಣದಲ್ಲಿ, ಐದಕ್ಕೆ ನಾಲ್ಕು ಮತಗಳಿಂದ ತೀರ್ಪು ಕೊಟ್ಟಿತ್ತು. ಹಾಗಾಗಿ ದಾರಿ ಉಳಿದದ್ದು ರಾಜ್ಯಗಳಿಗೆ. ಇಲಿನಾಯ್ 2017ರಲ್ಲಿ ಹೊಸ ಅನುದಾನ ಕಾನೂನು ತಂದಿತು. ಒಂದು ಮಗುವಿಗೆ ಒಳ್ಳೆಯ ಶಿಕ್ಷಣ ಕೊಡಲು ಏನೇನು ಬೇಕೆಂದು ಪಟ್ಟಿ ಮಾಡಿ, ಪ್ರತಿ ಡಿಸ್ಟ್ರಿಕ್ಟಿಗೂ ಅದರ ವೆಚ್ಚ ಲೆಕ್ಕ ಹಾಕಿ, ಅದರಿಂದ ಯಾರು ಬಹಳ ಹಿಂದಿದ್ದಾರೋ ಅವರಿಗೆ ಹೊಸ ಹಣ ಮೊದಲು ಹೋಗುವಂತೆ ಮಾಡುವುದು ಅದರ ಕ್ರಮ. ವರ್ಷಕ್ಕೆ ಕನಿಷ್ಠ 35 ಕೋಟಿ ಡಾಲರ್ ಹೊಸದಾಗಿ ಸೇರಿಸುವ ಗುರಿಯಿದೆ. ಅದರಲ್ಲಿ ನ್ಯೂ ಟ್ರಿಯರ್‌ಗೆ ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ, ಸಿಗಬೇಕಾಗಿಯೂ ಇಲ್ಲ. ಆ ಪಟ್ಟಿಯಲ್ಲಿ ಈಜುಕೊಳ ಇಲ್ಲ, ರೇಡಿಯೋ ಕೇಂದ್ರವೂ ಇಲ್ಲ. ಹೈಸ್ಕೂಲಿನಲ್ಲಿ 25 ಮಕ್ಕಳಿಗೊಬ್ಬ ಶಿಕ್ಷಕರು, ಬಡ ಕುಟುಂಬದ ಮಕ್ಕಳಾದರೆ 20ಕ್ಕೊಬ್ಬರು, ಮಕ್ಕಳ ಮಾತು ಕೇಳಿಸಿಕೊಂಡು ದಾರಿ ತೋರಿಸಲು 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಎಂಬ ಲೆಕ್ಕಗಳಿವೆ. ನ್ಯೂ ಟ್ರಿಯರ್ ಅಡ್ವೈಸರ್ ಪದ್ಧತಿಯಲ್ಲಿ ಹಣ ಹಾಕುತ್ತ ಬಂದದ್ದು ಇದೇ ಬಗೆಯ ಖರ್ಚಿಗೆ, ಶಿಕ್ಷಕರ ಸಮಯಕ್ಕೆ. 2027ರೊಳಗೆ ರಾಜ್ಯದ ಎಲ್ಲ ಡಿಸ್ಟ್ರಿಕ್ಟುಗಳೂ ಆ ವೆಚ್ಚದ ಅಳತೆಯಲ್ಲಿ ಶೇಕಡ 90ನ್ನಾದರೂ ಮುಟ್ಟಬೇಕೆಂಬುದು ಕಾನೂನು ಇಟ್ಟುಕೊಂಡ ಗುರಿ.