ಆಫ್ರಿಮಾದ ಉದ್ದನೆಯ ಪಟ್ಟಿ

ಆಫ್ರಿಕನ್ ಒಕ್ಕೂಟದ ಸಹಯೋಗದಲ್ಲಿ ನಡೆಯುವ ಆಲ್ ಆಫ್ರಿಕಾ ಮ್ಯೂಸಿಕ್ ಅವಾರ್ಡ್ಸ್, ಚುಟುಕಾಗಿ ಆಫ್ರಿಮಾ, ಆರಂಭವಾದದ್ದು 2014ರಲ್ಲಿ, ನೈಜೀರಿಯಾದ ಲೇಗೋಸ್ ನಗರದಲ್ಲಿ. ಮುಂದೆ ಅದು ಘಾನಾದ ಅಕ್ರಾಕ್ಕೂ ಸೆನೆಗಲ್‌ನ ಡಕಾರ್‌ಗೂ ಹೋಯಿತು. ಗೆದ್ದವರಿಗೆ ಕೊಡುವ 23.9 ಕ್ಯಾರೆಟ್ ಚಿನ್ನದ ಲೇಪದ ಸ್ಮರಣಿಕೆ, ತಾರೆಯರ ಉಡುಗೆ ಎಲ್ಲವೂ ಸುದ್ದಿಯಾಗುತ್ತವೆ. ಆದರೆ ಈ ಸಮಾರಂಭದ ನಿಜವಾದ ಬೆಲೆ ಇರುವುದು ಯಾರೂ ಪೂರ್ತಿ ಓದದ ವಿಭಾಗಗಳ ಪಟ್ಟಿಯಲ್ಲಿ. ಖಂಡವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ ಎಂದು ಐದಾಗಿ ವಿಂಗಡಿಸಿ ಪ್ರತಿ ಭಾಗದ ಒಬ್ಬ ಗಾಯಕ, ಒಬ್ಬ ಗಾಯಕಿಯನ್ನು ಆರಿಸುತ್ತಾರೆ. ಜಾಝ್, ಹಿಪ್‌ಹಾಪ್, ಸಾಂಪ್ರದಾಯಿಕ ಸಂಗೀತ ಮುಂತಾದವಕ್ಕೆ ಬೇರೆ ಪ್ರಶಸ್ತಿಗಳಿವೆ.

ಇಷ್ಟೊಂದು ವಿಭಾಗ ಏಕೆ ಬೇಕು ಎಂಬುದಕ್ಕೆ ಅಮೆರಿಕದ ಗ್ರ್ಯಾಮಿ ಒಳ್ಳೆಯ ಉತ್ತರ ಕೊಡುತ್ತದೆ. ಅಲ್ಲಿ 2024ರಲ್ಲಿ ಮೊದಲ ಬಾರಿಗೆ ಆಫ್ರಿಕದ ಸಂಗೀತಕ್ಕೆಂದೇ ಒಂದು ವಿಭಾಗ ತೆರೆದರು. ದಕ್ಷಿಣ ಆಫ್ರಿಕದ ಟೈಲಾ ‘ವಾಟರ್’ ಹಾಡಿಗೆ ಗೆದ್ದಳು. ಅಂತಿಮ ಸುತ್ತಿನ ಉಳಿದ ನಾಲ್ಕೂ ಹಾಡುಗಳು ನೈಜೀರಿಯಾದ ಕಲಾವಿದರವು. ಮರುವರ್ಷ ಐದಕ್ಕೆ ಐದೂ ಹಾಡುಗಳಲ್ಲಿ ನೈಜೀರಿಯನ್ನರಿದ್ದರು, ಗೆದ್ದದ್ದು ಟೆಮ್ಸ್. ಆ ಹಾಡುಗಳು ಚೆನ್ನಾಗಿಲ್ಲವೆಂದಲ್ಲ, ಬಹಳ ಚೆನ್ನಾಗಿವೆ. ಆದರೆ ಐವತ್ತನಾಲ್ಕು ದೇಶಗಳಿಗೆ ಒಂದೇ ಬಾಗಿಲು ಇಟ್ಟರೆ ದೊಡ್ಡ ಮಾರುಕಟ್ಟೆಯ ಬಲವಿರುವವರೇ ಮೊದಲು ಒಳಗೆ ಬರುತ್ತಾರೆ. ಸಾಬರ್ ಡೋಲಿನ ಏಟಿನ ಮೇಲೆ ನಿಂತ ಸೆನೆಗಲ್‌ನ ಎಂಬಲಾಕ್ಸ್, ಅಲ್ಜೀರಿಯಾದ ಓರಾನ್‌ನಲ್ಲಿ ಬೆಳೆದ ರಾಯ್, ಯುನೆಸ್ಕೊ 2021ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ಕಾಂಗೊ ರುಂಬಾ, ಇವೆಲ್ಲ ಹೊರಗೇ ಕಾಯುತ್ತವೆ. ದಕ್ಷಿಣ ಆಫ್ರಿಕ ತನ್ನ ರಾಷ್ಟ್ರೀಯ ಪ್ರಶಸ್ತಿಯಾದ ಸಾಮಾದಲ್ಲಿ ಮಸ್ಕಾಂಡಿಗೆ ಪ್ರತ್ಯೇಕ ವಿಭಾಗ ಇಟ್ಟಿದ್ದು ಇದೇ ಕಾರಣಕ್ಕೆ ಸಾರ್ಥಕ. ಊರು ಬಿಟ್ಟು ಕೂಲಿಗೆ ಹೋದ ಜುಲು ಗಂಡಸರು ಗಿಟಾರಿನಲ್ಲಿ ಕಟ್ಟಿಕೊಂಡ ಸಂಗೀತ ಅದು. ಹಾಡಿನ ನಡುವೆ ಗಾಯಕ ತನ್ನ ಕುಲ, ಊರುಗಳ ಹೊಗಳಿಕೆಯನ್ನು ಒಂದೇ ಉಸಿರಿಗೆ ಆಡುತ್ತಾನೆ. ನೃತ್ಯ ಕ್ಲಬ್ಬುಗಳ ಸಂಗೀತವಾದ ಅಮಾಪಿಯಾನೊ ಜೊತೆ ಅದನ್ನು ತೂಗುವುದು ಎರಡಕ್ಕೂ ಅನ್ಯಾಯ.

ವಿಂಗಡಣೆಯ ವಿರುದ್ಧ ಎತ್ತಬಹುದಾದ ಗಂಭೀರ ಆಕ್ಷೇಪ ಇತಿಹಾಸದಿಂದಲೇ ಬರುತ್ತದೆ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಸರ್ಕಾರ 1960ರ ದಶಕದಲ್ಲಿ ‘ರೇಡಿಯೊ ಬಂಟು’ ಮೂಲಕ ಕಪ್ಪು ಜನರಿಗೆ ಅವರವರ ಭಾಷೆಯಲ್ಲೇ ಹಾಡು ಕೇಳಿಸಿತು. ಉದ್ದೇಶ ಅವರನ್ನು ಪರಸ್ಪರ ದೂರ ಇಡುವುದು. ಇವತ್ತಿನ ವಿಭಾಗಗಳೂ ಅದೇ ಬೇಲಿಗಳಲ್ಲವೇ? ಅಲ್ಲ. ಅಂದು ಗೆರೆ ಎಳೆದದ್ದು ಆಳುವವರು, ದಾಟಲು ಬಿಡದೆ. ಇಂದು ಒಬ್ಬ ಕಲಾವಿದ ಹಲವು ವಿಭಾಗಗಳಲ್ಲಿ ಸ್ಪರ್ಧಿಸಬಹುದು, ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂತು ಒಬ್ಬರ ಹಾಡನ್ನೊಬ್ಬರು ಕೇಳುತ್ತಾರೆ. ಪ್ರಶಸ್ತಿಗಳು ಹೆಚ್ಚಾದರೆ ಗೌರವ ಅಗ್ಗವಾಗುತ್ತದೆ ಎನ್ನುವವರೂ ಇದ್ದಾರೆ. ಒಂದೇ ಬಗೆಯ ಹಾಡಿಗೆ ಹತ್ತು ಪ್ರಶಸ್ತಿ ಕೊಟ್ಟರೆ ಆ ಮಾತು ಒಪ್ಪಬಹುದು. ಹತ್ತು ಬಗೆಗೆ ಹತ್ತು ಕೊಟ್ಟರೆ ಒಪ್ಪಲಾಗದು.

ಹಣದ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. 1990ರ ದಶಕದಲ್ಲಿ ಭಾರಿ ಹೆಸರು ಮಾಡಿದ್ದ ಕೋರಾ ಪ್ರಶಸ್ತಿ 2016ರಲ್ಲಿ ನಮೀಬಿಯಾದಲ್ಲಿ ನಡೆಯಬೇಕಿತ್ತು. ಅಲ್ಲಿನ ಸರ್ಕಾರ ಮುಂಗಡವಾಗಿ ಹಣ ಕೊಟ್ಟಿತು, ಸಮಾರಂಭ ನಡೆಯಲೇ ಇಲ್ಲ. ಸಾರ್ವಜನಿಕ ಹಣ ಪಡೆಯುವ ಯಾವ ಪ್ರಶಸ್ತಿಯೇ ಆಗಲಿ, ಲೆಕ್ಕವನ್ನೂ ಆಯ್ಕೆಯ ಕ್ರಮವನ್ನೂ ಜನರ ಮುಂದಿಡಬೇಕು. ಆ ಶಿಸ್ತಿಲ್ಲದಿದ್ದರೆ ವಿಭಾಗಗಳು ಎಷ್ಟಿದ್ದರೂ ವ್ಯರ್ಥ.

ಮುಂದಿನ ಸಲ ಆಫ್ರಿಮಾದ ಫಲಿತಾಂಶ ಬಂದಾಗ ದೊಡ್ಡ ಪ್ರಶಸ್ತಿಯ ಹೆಸರಿಗೇ ನಿಲ್ಲದೆ, ಪೂರ್ವ ಮತ್ತು ಉತ್ತರ ಆಫ್ರಿಕದ ವಿಜೇತರ ಹಾಡನ್ನೂ ಹುಡುಕಿ ಕೇಳಿ. ಎಲ್ಲಿಂದ ತೊಡಗುವುದೆಂದು ತೋಚದಿದ್ದರೆ ಜಾಂಜಿಬಾರ್‌ನ ತಾರಬ್ ಇದೆ. ಅದನ್ನು ಸ್ವಾಹಿಲಿಯಲ್ಲಿ ಹಾಡಿ ಮನೆಮಾತಾದ ಸಿತಿ ಬಿಂತಿ ಸಾದ್ 1928ರಲ್ಲಿ ತನ್ನ ಗ್ರಾಮಫೋನ್ ತಟ್ಟೆಗಳಿಗಾಗಿ ಹಡಗು ಹತ್ತಿ ಬಂದದ್ದು ನಮ್ಮ ಮುಂಬಯಿಗೆ.