ಜೀಪಿನ ಬಾನೆಟ್ಟೂ ತುಕ್ಕು ಹಿಡಿದ ಸ್ಕ್ರೂಗಳೂ

ತೋಟದ ಮನೆಯಲ್ಲಿ ಜೀಪು ಎಂದರೆ ಇನ್ನೊಬ್ಬ ಆಳು ಇದ್ದಂತೆ. ಗೊಬ್ಬರ ತರುವುದು, ಔಷಧಿಯ ಡ್ರಮ್ಮು ಸಾಗಿಸುವುದು, ಕಾಫಿ ಹಣ್ಣನ್ನು ಪಲ್ಪರಿಗೆ ಮುಟ್ಟಿಸುವುದು, ಅಡಿಕೆ ಮೂಟೆಯನ್ನು ಮಂಡಿಗೆ ಒಯ್ಯುವುದು ಎಲ್ಲವೂ ಅದರ ಪಾಲಿಗೆ. ಆದರೆ ಅದರ ಆರೈಕೆ ನಮಗೆ ನೆನಪಾಗುವುದು ಅದು ದಾರಿಯಲ್ಲಿ ನಿಂತ ಮೇಲೆಯೇ.

ಇಂಜಿನ್ ಇಳಿಸಬೇಕಾದಾಗ ಮೊದಲು ಬಾನೆಟ್ ಬಿಚ್ಚಬೇಕು. ನೋಡಲು ಸುಲಭದ ಕೆಲಸ. ಈ ಲೇಖಕನೂ ಹಾಗೆಯೇ ತಿಳಿದು, ಒಮ್ಮೆ ಕೊಯ್ಲಿನ ನಡುವೆ ಸವೆದ ಸ್ಕ್ರೂಡ್ರೈವರ್ ಹಿಡಿದು ಹೊರಟವನೇ. ಮೂರನೆಯ ಸ್ಕ್ರೂವಿನ ತಲೆ ಗುಂಡಗಾಯಿತು; ನಾಲ್ಕನೆಯದು ಕುತ್ತಿಗೆಯಲ್ಲೇ ತುಂಡಾಯಿತು. ಅರ್ಧ ಗಂಟೆಯ ಕೆಲಸ ಮೂರು ದಿನ ಹಿಡಿಯಿತು. ಕೊಯ್ದ ದಿನವೇ ಪಲ್ಪ್ ಮಾಡಬೇಕಾದ ಹಣ್ಣು ರಾಶಿಯಲ್ಲೇ ಬಿಸಿಯೇರಿ ಹುಳಿ ವಾಸನೆ ಹಿಡಿಯಿತು. ಆ ನಷ್ಟ ಕಲಿಸಿದ್ದನ್ನು ಬೆಳೆಗಾರ ಬಂಧುಗಳ ಮುಂದಿಡುತ್ತಿದ್ದೇನೆ.

ಸ್ಕ್ರೂ ಕಚ್ಚಿಕೊಳ್ಳುವುದೇಕೆ?

ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಮರೆಯ ಎಳೆಗಳ ಸಂದಿಯಲ್ಲಿ ಉಬ್ಬಲು ಜಾಗವಿಲ್ಲದ್ದರಿಂದ ಸ್ಕ್ರೂವನ್ನು ಬೆಣೆ ಬಡಿದಂತೆ ಬಿಗಿಯುತ್ತದೆ. ನಮ್ಮ ಮಲೆನಾಡಿನ ಮಳೆ ಒಂದು ಕಾರಣ. ನಾವು ಹೇರುವ ಸರಕು ಇನ್ನೊಂದು. ಪೊಟ್ಯಾಷ್ ಗೊಬ್ಬರದ ಕ್ಲೋರೈಡು ತುಕ್ಕಿಗೆ ಇಂಬು ಕೊಡುತ್ತದೆ. ಮೈಲುತುತ್ತದ ವಿಚಾರ ನಮಗೆಲ್ಲ ಗೊತ್ತು. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ, ಅದ್ದಿದ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದಲ್ಲವೇ? ಅಷ್ಟು ಕಬ್ಬಿಣ ಕರಗಿಹೋಯಿತೆಂದೇ ಅದರ ಅರ್ಥ. ಚೆಲ್ಲಿದ ತುತ್ತದ ನೀರು ಸ್ಕ್ರೂವಿಗೂ ಇದನ್ನೇ ಮಾಡುತ್ತದೆ.

ಬಿಚ್ಚುವ ಮುನ್ನ

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಕೀಲು ಕೂತ ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮತ್ತೆ ಕೂರಿಸುವಾಗ ಬಾನೆಟ್ ಓರೆಯಾಗದು. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ತಲೆಯ ಗೀರಿನಲ್ಲಿ ತುಂಬಿದ ಮಣ್ಣು, ಬಣ್ಣ ಕೆರೆದು ತೆಗೆಯಿರಿ. ಅನಂತರ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ. ಸಿಗದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಹಾಕಬಹುದು, ಕೆಲಸ ನಿಧಾನ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಹಾಕಿದರೆ ಎಣ್ಣೆ ಎಳೆಗಳಿಗೆ ಇಳಿಯಲು ಸಮಯ ಸಿಗುತ್ತದೆ.

ಬಿಚ್ಚುವ ಕ್ರಮ

ತಲೆಗೆ ಸರಿಯಾಗಿ ಕೂರುವ ಹೊಸ ಮೊನೆಯ ಸ್ಕ್ರೂಡ್ರೈವರನ್ನೇ ಬಳಸಬೇಕು. ಸ್ಟಾರ್ ತಲೆಯ ಸ್ಕ್ರೂವಿನಿಂದ ಮೊನೆ ಮೇಲಕ್ಕೆ ಜಾರುವುದು ಸಹಜ. ಆದ್ದರಿಂದ ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಹಾಕಿ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಅಲುಗಿದೊಡನೆ ಒಂದೇ ಸಮನೆ ಎಳೆಯದೆ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುವೆ ಎಣ್ಣೆ. ಜಗ್ಗದಿದ್ದರೆ ಇಂಪ್ಯಾಕ್ಟ್ ಡ್ರೈವರ್ ಎಂಬ ಉಪಕರಣವಿದೆ. ಸುತ್ತಿಗೆಯ ಪೆಟ್ಟನ್ನೇ ಅದು ತಿರುವಾಗಿ ಬದಲಿಸುತ್ತದೆ. ತೆಳು ತಗಡಿನ ಮೇಲೆ ಜೋರು ಪೆಟ್ಟು ಬೇಡ, ನೆಗ್ಗುತ್ತದೆ.

ಬೆಂಕಿಯಿಂದ ಕಾಯಿಸಿದರೆ ಬಿಡುತ್ತದೆಂಬುದು ನಿಜ. ಆದರೆ ಬಾನೆಟ್ಟಿನ ಅಡಿ ಇಂಧನದ ಕೊಳವೆಯಿದೆ, ಉರಿಯುವ ಅನಿಲ ಬಿಡುವ ಬ್ಯಾಟರಿಯಿದೆ, ಈಗ ತಾನೇ ಹಾಕಿದ ಎಣ್ಣೆಯೂ ಇದೆ. ಮನೆಯಂಗಳದಲ್ಲಿ ಈ ಸಾಹಸ ಖಂಡಿತ ಬೇಡ.

ಕೊನೆಗೆ ಎರಡೂ ಬದಿಗೆ ಒಂದೊಂದು ಬೋಲ್ಟು ಉಳಿದಾಗ ಒಬ್ಬರನ್ನು ಕರೆದು ಬಾನೆಟ್ ಹಿಡಿಸಿರಿ. ಮೂಲೆಗಳಿಗೆ ಗೋಣಿ ಮಡಚಿಟ್ಟರೆ ಬಣ್ಣ ಉಳಿಯುತ್ತದೆ, ಗಾಜೂ ಉಳಿಯುತ್ತದೆ.

ತಲೆ ಕೆಟ್ಟರೆ, ತುಂಡಾದರೆ

ಹಿಡಿತಕ್ಕೆ ಸಿಗುವಷ್ಟು ತಲೆ ಉಳಿದಿದ್ದರೆ ಕಚ್ಚಿ ನಿಲ್ಲುವ ಇಕ್ಕಳದಿಂದ ತಿರುಗಿಸಿ. ಇಲ್ಲವೇ ಗರಗಸದ ಬ್ಲೇಡಿನಿಂದ ಹೊಸ ಗೀರು ಕೊಯ್ಯಿರಿ. ಪೂರ್ತಿ ತುಂಡಾಗಿದ್ದರೆ ನಟ್ಟನಡುವೆ ಪಂಚಿನಿಂದ ಗುರುತು ಹೊಡೆದು, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ಕ್ರಮೇಣ ದೊಡ್ಡದು ಮಾಡಬೇಕು. 6 ಮಿ.ಮೀ. ಬೋಲ್ಟಿನ ಸಾಮಾನ್ಯ ಮರೆಗೆ 5 ಮಿ.ಮೀ., 8ರದಕ್ಕೆ 6.8 ಮಿ.ಮೀ. ತೂತು ಮೀರಬಾರದು, ಆಮೇಲೆ ಟ್ಯಾಪ್ ಹಾಕಿಸಿ ಮರೆ ಸರಿಪಡಿಸಬಹುದು. ಕಣ್ಣಿಗೆ ಕನ್ನಡಕ ಇರಲಿ.

ಮತ್ತೆ ಜೋಡಿಸುವಾಗ

ಹಳೆಯ ಸ್ಕ್ರೂ ಎಸೆದು ಹೊಸದನ್ನೇ ಹಾಕಿ. ಅಳತೆಯಲ್ಲಿ ಮೋಸ ಹೋಗಬೇಡಿ. ವಿಲ್ಲಿಸ್ ಮೂಲದ ಹಳೆಯ ಜೀಪುಗಳದು ಅಂಗುಲದ ಲೆಕ್ಕ. 5/16 ಅಂಗುಲದ ಬೋಲ್ಟೂ 8 ಮಿ.ಮೀ. ಬೋಲ್ಟೂ ಕಣ್ಣಿಗೆ ಒಂದೇ, ಮರೆ ಬೇರೆ. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಲೇಬೇಡಿ. ಮರೆಗೆ ತೆಳುವಾಗಿ ಗ್ರೀಸ್ ಸವರಿ, ಪೆನ್ಸಿಲ್ ಗೆರೆಗೆ ಕೂರಿಸಿ, ಹದವಾಗಿ ಬಿಗಿಯಿರಿ.

ತಾಳಿದವನು ಬಾಳಿಯಾನು ಎಂಬ ಮಾತು ಸ್ಕ್ರೂ ಬಿಚ್ಚುವವನಿಗೂ ಸಲ್ಲುತ್ತದೆ. ಔಷಧಿ ಹೇರಿದ ದಿನ ಸಂಜೆ ಗಾಡಿಗೆ ಒಳ್ಳೆಯ ನೀರು ಸುರಿಯಿರಿ. ಮುಂಗಾರಿಗೆ ಮೊದಲು ಕೀಲುಗಳಿಗೆ ನಾಲ್ಕು ತೊಟ್ಟು ಎಣ್ಣೆ ಬಿಡಿ. ಸ್ಪ್ರೇ ಪಂಪಿಗೂ ಪಲ್ಪರಿಗೂ ಇದೇ ಉಪಚಾರ ನಡೆಯಲಿ. ಕೆಲಸವನ್ನು ಕೊಯ್ಲಿನ ನಡುವೆ ಇಟ್ಟುಕೊಳ್ಳದೆ, ಬಿಡುವಿನ ದಿನಗಳಲ್ಲೇ ಮುಗಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು.