ಎಎನ್‌ಎ ಪಾಸಿಟಿವ್ ಬಂದರೆ ಲೂಪಸ್ ಬಂತೆಂದಲ್ಲ

ತಪ್ಪು ಕಲ್ಪನೆ: ಎಎನ್‌ಎ ಪಾಸಿಟಿವ್ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಖಚಿತ.

ಸತ್ಯ: ಖಂಡಿತ ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಮೈಕೈ ನೋವು, ಸುಸ್ತು ಎಂದವರಿಗೆಲ್ಲ ಈ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟ್ ಮೊಬೈಲಿಗೆ ಬಂದೊಡನೆ, ಡಾಕ್ಟರ ಮುಖ ನೋಡುವ ಮೊದಲೇ, ಮನೆಮಂದಿಯೆಲ್ಲ ಗೂಗಲ್ ತೆರೆದು ಕಂಗಾಲಾಗುತ್ತಾರೆ.

ಜೀವಕೋಶದ ನ್ಯೂಕ್ಲಿಯಸ್ಸಿಗೆ ಅಂಟುವ ಪ್ರತಿಕಾಯ ರಕ್ತದಲ್ಲಿದೆ ಎಂದಷ್ಟೇ ಈ ಪರೀಕ್ಷೆ ಹೇಳುತ್ತದೆ. ಸೀರಮ್ಮನ್ನು ತೆಳುಮಾಡುತ್ತ ಹೋಗಿ, ಎಲ್ಲಿಯವರೆಗೆ ಅದು ಕಾಣಿಸುತ್ತದೆ ಎಂದು ನೋಡುತ್ತಾರೆ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಕಾಯಿಲೆಯೂ ಇಲ್ಲದವರ ಪೈಕಿ ನೂರಕ್ಕೆ ಸುಮಾರು 30 ಜನ 1:40ರಷ್ಟು ತೆಳುಮಾಡಿದಾಗಲೂ ಪಾಸಿಟಿವ್ ಇದ್ದರು. 1:80ರಲ್ಲಿ ಸುಮಾರು 13, 1:160ರಲ್ಲಿ 5. ಥೈರಾಯ್ಡ್ ತೊಂದರೆ, ಸೋಂಕು, ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಮಾತ್ರೆ, ಇವುಗಳಿಂದಲೂ ಪಾಸಿಟಿವ್ ಬರಬಹುದು.

ಲೂಪಸ್ ಇರುವವರಲ್ಲಿ ಬಹುತೇಕ ಎಲ್ಲರಿಗೂ ಎಎನ್‌ಎ ಪಾಸಿಟಿವ್ ಇರುತ್ತದೆ, ನಿಜ. ಆದ್ದರಿಂದ ನೆಗೆಟಿವ್ ಬಂದರೆ ಲೂಪಸ್ಸಿನ ಅನುಮಾನ ಬಹಳ ಕಡಿಮೆಯಾಗುತ್ತದೆ. ಪಾಸಿಟಿವ್ ಬಂದರೆ ವಿಚಾರಣೆ ಶುರುವಾಗುತ್ತದೆ, ಅಷ್ಟೇ. ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರು 2019ರಲ್ಲಿ ರೂಪಿಸಿದ ವರ್ಗೀಕರಣದಲ್ಲೂ 1:80ರಲ್ಲಿ ಪಾಸಿಟಿವ್ ಇರುವುದು ಪ್ರವೇಶದ ಅರ್ಹತೆ ಮಾತ್ರ. ಆಮೇಲೆ ಚರ್ಮ, ಕೀಲು, ಮೂತ್ರಪಿಂಡ, ರಕ್ತಕಣಗಳ ತೊಂದರೆ, ಡಿಎಸ್‌ಡಿಎನ್‌ಎ ಮತ್ತು ಸ್ಮಿತ್ ಎಂಬ ಪ್ರತಿಕಾಯಗಳು ಎಲ್ಲ ಸೇರಿ ಕನಿಷ್ಠ 10 ಅಂಕ ಆಗಬೇಕು. ಅದರಲ್ಲಿ ಒಂದಾದರೂ ರೋಗಲಕ್ಷಣವೇ ಇರಬೇಕು.

ತಪ್ಪು ಕಲ್ಪನೆ: ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಇದ್ದರೆ ರುಮಟಾಯ್ಡ್ ಸಂಧಿವಾತ ಇಲ್ಲ.
ಸತ್ಯ: ಅದು ನೆಗೆಟಿವ್ ಇರುವ ರುಮಟಾಯ್ಡ್ ರೋಗಿಗಳು ಬೇಕಾದಷ್ಟಿದ್ದಾರೆ. ಹೆಪಟೈಟಿಸ್ ಸಿ ಇದ್ದವರಲ್ಲಿ ರುಮಟಾಯ್ಡ್ ಇಲ್ಲದೆಯೂ ಪಾಸಿಟಿವ್ ಬರುತ್ತದೆ.

ತಪ್ಪು ಕಲ್ಪನೆ: ಎಎನ್‌ಎ ಇಳಿದರೆ ರೋಗ ಇಳಿದಂತೆ.
ಸತ್ಯ: ರೋಗದ ಏರಿಳಿತಕ್ಕೂ ಅದಕ್ಕೂ ತಾಳೆಯಿಲ್ಲ, ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ.

ಯಂತ್ರದಿಂದ ಅಚ್ಚಾಗಿ ಬಂದದ್ದನ್ನೆಲ್ಲ ನಂಬುವ, ಎದುರಿಗೆ ಕೂತ ರೋಗಿಯ ಮಾತನ್ನು ಮಾತ್ರ ಕೇಳದ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದರ ಬೆಲೆ ತೆರುವವರು ನಿಜವಾದ ರೋಗಿಗಳು. ಕೆನ್ನೆ ಕೆಂಪಾಗಿ, ಕಾಲು ಊದಿಕೊಂಡು ಲೂಪಸ್ಸಿನ ಅನುಮಾನ ಹುಟ್ಟಿಸುವ ಹುಡುಗಿಗೆ ಮೊದಲು ಆಗಬೇಕಾದದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಅಗ್ಗದ ಪರೀಕ್ಷೆ. ಎಷ್ಟೋ ಕಡೆ ಅದನ್ನೇ ಮರೆಯುತ್ತಾರೆ.

ಎಎನ್‌ಎ ಬರೆದುಕೊಟ್ಟರೆ, ಯಾವ ಲಕ್ಷಣ ನೋಡಿ ಬರೆದಿರಿ ಎಂದು ಡಾಕ್ಟರನ್ನು ಕೇಳಿ. ಪಾಸಿಟಿವ್ ಬಂದರೆ ಹೆದರಬೇಡಿ, ಲಕ್ಷಣಗಳಿದ್ದರೆ ನೆಗೆಟಿವ್ ಬಂತೆಂದು ಸುಮ್ಮನಾಗಲೂ ಬೇಡಿ. ಸಂಧಿವಾತ ತಜ್ಞರನ್ನು ಕಾಣಿ.